ಗುಂಪಿನಲ್ಲೇ ಏಕಾಂತ: ಬುಖಾರಾದ ಸೂಫಿಗಳೂ ನಮ್ಮ ಫೋನೂ

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ರಾತ್ರಿ ಹನ್ನೆರಡಕ್ಕೆ ಲಿಂಕ್ಡ್‌ಇನ್ ತೆರೆದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಪಕ್ಕದ ರೂಮಿನವನ ಆಫರ್ ಲೆಟರ್‌ಗೆ ಲೈಕ್ ಒತ್ತುತ್ತೇವೆ, ಆಮೇಲೆ ನಿದ್ದೆ ಬರಲ್ಲ. ಆ್ಯಪ್ ಡಿಲೀಟ್ ಮಾಡಿ ಅನ್ನೋದು ಸುಲಭ. ಆದರೆ ಇಂಟರ್ನಲ್ಸ್ ಮುಂದೆ ಹೋದ ಸುದ್ದಿ ಬರೋದೂ ಅದೇ ಫೋನಿಗೆ.

ಸೂಫಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಕಲಬುರಗಿಯ ಬಂದೇನವಾಜ್ ದರ್ಗಾ, ಇಲ್ಲವೇ ಕವ್ವಾಲಿ ನೆನಪಾಗುತ್ತದೆ. ನಾವಿಲ್ಲಿ ಹೇಳಹೊರಟಿರುವುದು ಇನ್ನೊಂದು, ಸದ್ದು ಕಡಿಮೆಯ ದಾರಿ: ನಕ್ಷಬಂದಿ ಪಂಥ. ಈಗಿನ ಉಜ್ಬೇಕಿಸ್ತಾನದ ಬುಖಾರಾದ ಬಹಾವುದ್ದೀನ್ ನಕ್ಷಬಂದ್ (1318–1389) ಅವರಿಂದ ಅದಕ್ಕೆ ಆ ಹೆಸರು. ಇವರ ಸಾಧನೆಗೆ 11 ಸೂತ್ರಗಳಿವೆ. ಎಂಟು ಅವರಿಗಿಂತ ಹಿಂದಿನ ಅಬ್ದುಲ್ ಖಾಲಿಕ್ ಘಿಜ್ದುವಾನಿಯವು, ಮೂರು ಬಹಾವುದ್ದೀನ್ ಸೇರಿಸಿದ್ದು ಎನ್ನುತ್ತದೆ ಪರಂಪರೆ. ಹನ್ನೊಂದನ್ನೂ ಇಲ್ಲಿ ಬಿಡಿಸಲ್ಲ, ಮೂರು ಸಾಕು.

‘ನಜರ್ ಬರ್ ಕದಮ್’: ನಡೆಯುವಾಗ ಕಣ್ಣು ನಿನ್ನ ಹೆಜ್ಜೆಯ ಮೇಲಿರಲಿ. ಕಣ್ಣು ಹೋದ ಕಡೆ ಮನಸ್ಸೂ ಹೋಗುತ್ತೆ, ಪೇಟೆಯಲ್ಲಿ ಕಂಡದ್ದೆಲ್ಲ ಒಳಗೆ ಬಂದು ಕೂರುತ್ತೆ ಅನ್ನೋದು ಇದರ ಹಿಂದಿನ ತಿಳಿವಳಿಕೆ. ರೀಲ್ಸ್ ನೋಡುವಾಗ ನಮ್ಮ ಕಣ್ಣು ಐದು ನಿಮಿಷದಲ್ಲಿ ಎಷ್ಟು ಜನರ ಮನೆ ಹೊಕ್ಕು ಬರುತ್ತೆ, ಲೆಕ್ಕ ಹಾಕಿ.

‘ವುಕೂಫೆ ಜಮಾನಿ’ ಅಂದರೆ ಹೊತ್ತಿನ ಲೆಕ್ಕ. ಆಗಾಗ ನಿಂತು, ಕಳೆದ ಹೊತ್ತು ಎಚ್ಚರದಲ್ಲಿ ಹೋಯಿತೋ ಮೈಮರೆವಿನಲ್ಲೋ ನೋಡಿಕೊಳ್ಳಬೇಕು. ಎಚ್ಚರವಿದ್ದರೆ ದೇವರಿಗೆ ಕೃತಜ್ಞತೆ, ಮರೆತಿದ್ದರೆ ಕ್ಷಮೆ ಕೇಳಿ ಮುಂದಕ್ಕೆ. ಫೋನಿನ ಸ್ಕ್ರೀನ್ ಟೈಮ್ ಗಂಟೆಗಳನ್ನಷ್ಟೇ ತೋರಿಸಿ ನಾಚಿಕೆ ಹುಟ್ಟಿಸುತ್ತೆ. ಇಲ್ಲಿ ಕ್ಷಮೆಗೂ ಜಾಗ ಇದೆ. ನಮಗೆ ತುಂಬಾ ಹಿಡಿಸಿದ್ದು ಇದೇ.

ಇನ್ನೊಂದು ‘ಖಲ್ವತ್ ದರ್ ಅಂಜುಮನ್’, ಗುಂಪಿನೊಳಗೇ ಏಕಾಂತ. ಗುಹೆಗೆ ಹೋಗಬೇಕಿಲ್ಲ, ಅಂಗಡಿ ಸಂಸಾರ ಬಿಡಬೇಕಿಲ್ಲ. ಕೈ ಕೆಲಸದಲ್ಲಿರುವಾಗಲೇ ಒಳಗೆ ದೇವರ ನೆನಪು ನಡೆದಿರಬೇಕು. ಅದಕ್ಕೇ ಇವರ ಜಿಕ್ರ್, ಅಂದರೆ ನಾಮಸ್ಮರಣೆ, ಹೆಚ್ಚಾಗಿ ಮೌನದ್ದು. ಪಕ್ಕದಲ್ಲಿ ಕೂತವನಿಗೂ ಗೊತ್ತಾಗಲ್ಲ. ಸ್ಟೇಟಸ್ ಹಾಕೋ ಹಾಗೇ ಇಲ್ಲ! ನಮ್ಮ ಒತ್ತಡದಲ್ಲಿ ಅರ್ಧ ಬೇರೆಯವರನ್ನು ನೋಡಿ ಬಂದದ್ದು, ಇನ್ನರ್ಧ ಬೇರೆಯವರು ನಮ್ಮನ್ನು ನೋಡಲಿ ಅನ್ನೋದರಿಂದ. ಯಾರಿಗೂ ಕಾಣದ ಒಂದು ಕೆಲಸ ದಿನದಲ್ಲಿ ನಮಗಿದೆಯಾ?

ಹಾಗಂತ ಇದನ್ನು ಸ್ಟ್ರೆಸ್ ಮಾತ್ರೆ ಅಂದುಕೊಂಡರೆ ತಪ್ಪು. ಅವರಿಗೆ ಇದು ಗುರುವಿನ ಕೈಕೆಳಗೆ ದೇವರ ಕಡೆಗೆ ನಡೆಯುವ ದಾರಿ, ನಾವು ಎರವಲು ಪಡೆದದ್ದು ಚೂರು ಮಾತ್ರ. ವಾರಗಟ್ಟಲೆ ನಿದ್ದೆ ಬರದಿದ್ದರೆ ಕೌನ್ಸೆಲರ್ ಹತ್ತಿರ ಹೋಗಲೇಬೇಕು.

ಹಾಸ್ಟೆಲಿನಿಂದ ಮೆಸ್ಸಿಗೆ ಹೋಗುವಾಗ ಫೋನ್ ಜೇಬಲ್ಲಿಟ್ಟು, ಹೆಜ್ಜೆ ನೋಡಿಕೊಂಡು ನಡೆಯೋಣ ಅಂತ ನಾವು ಒಂದು ವಾರ ಪ್ರಯತ್ನಿಸಿದೆವು. ಮೂರು ದಿನ ಮರೆತೆವು. ನಾಲ್ಕು ದಿನ ಉಪ್ಪಿಟ್ಟಿನ ವಾಸನೆ ದೂರದಿಂದಲೇ ಬಂತು.