ಮದರ್‌ಬೋರ್ಡ್ ಹೋಗಿದೆ ಅನ್ನೋ ಮುಂಚೆ

ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಯಾವುದೋ ಬ್ಯಾಚಿನ ಸೀನಿಯರ್ಸ್ ದುಡ್ಡು ಸೇರಿಸಿ ಅಸೆಂಬಲ್ ಮಾಡಿಸಿ ಬಿಟ್ಟುಹೋಗಿದ್ದು. ಮೂರು ವರ್ಷದ ರಾಜ್ಯೋತ್ಸವ ಸಂಚಿಕೆಗಳು, ನಾಟಕದ ವಿಡಿಯೋಗಳು, ಕಾಲೇಜು ಬಿಟ್ಟುಹೋದವರ ಕತೆ ಕವನ ಎಲ್ಲವೂ ಅದರಲ್ಲೇ. ಬೇರೆ ಎಲ್ಲೂ ಕಾಪಿ ಇರಲಿಲ್ಲ. ಈ ಸಲದ ನವೆಂಬರ್ ಸಂಚಿಕೆಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ಒಂದು ಸಂಜೆ ಬಟನ್ ಒತ್ತಿದರೆ ಏನೂ ಇಲ್ಲ. ಫ್ಯಾನ್ ತಿರುಗಲಿಲ್ಲ, ಮುಂದಿನ ಲೈಟ್ ಹತ್ತಲಿಲ್ಲ, ಸದ್ದೇ ಇಲ್ಲ.

ಎತ್ತಿಕೊಂಡು ಹತ್ತಿರದ ಅಂಗಡಿಗೆ ಹೋದ್ವಿ. ಅಲ್ಲಿದ್ದ ಅಣ್ಣ ಪವರ್ ಕೊಟ್ಟು, ಬಟನ್ ಎರಡು ಸಲ ಒತ್ತಿ, "ಮದರ್‌ಬೋರ್ಡ್ ಹೋಗಿದೆ. ಆರು ಸಾವಿರ ಆಗುತ್ತೆ, ಇಷ್ಟು ಹಳೇದಕ್ಕೆ ಹಾಕೋ ಬದಲು ಹೊಸದೇ ತಗೊಂಡ್ಬಿಡಿ" ಅಂದರು. ಸಂಘದ ಡಬ್ಬಿಯಲ್ಲಿ ಇದ್ದದ್ದು ಎರಡು ಸಾವಿರದ ಚಿಲ್ಲರೆ. ವಾಪಸ್ ಎತ್ತಿಕೊಂಡು ಬಂದ್ವಿ. ಆ ರಾತ್ರಿ ತಪ್ಪು ಮಾಡ್ತಾ ಮಾಡ್ತಾ ಕಲಿತದ್ದು ಈ ಲೇಖನ.

ಮೊದಲ ತಪ್ಪು ನಮ್ಮ ಹಾಸ್ಟೆಲ್‌ನ ರಾಷ್ಟ್ರೀಯ ಚಿಕಿತ್ಸೆ: ರ‍್ಯಾಮ್ ಬಿಚ್ಚಿ ರಬ್ಬರ್‌ನಿಂದ ಉಜ್ಜೋದು. ಅರ್ಧ ಗಂಟೆ ಉಜ್ಜಿದ್ವಿ. ರ‍್ಯಾಮ್ ಕಾಂಟ್ಯಾಕ್ಟ್ ಕೆಟ್ಟಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಮಾತ್ರ ಬರಲ್ಲ, ಕೆಲವು ಬೋರ್ಡ್‌ಗಳು ಬೀಪ್ ಅನ್ನುತ್ತವೆ. ನಮ್ಮದರಲ್ಲಿ ಫ್ಯಾನೇ ತಿರುಗ್ತಿರಲಿಲ್ಲ. ಅಂದರೆ "ಆನ್ ಆಗ್ತಿಲ್ಲ" ಅನ್ನೋದು ಒಂದೇ ಕಾಯಿಲೆ ಅಲ್ಲ. ಏನೂ ಆಗದೇ ಇರೋದು ಒಂದು, ಒಂದು ಸೆಕೆಂಡ್ ತಿರುಗಿ ನಿಲ್ಲೋದು ಇನ್ನೊಂದು, ಎಲ್ಲ ತಿರುಗಿ ಸ್ಕ್ರೀನ್ ಕಪ್ಪಾಗಿರೋದು ಮತ್ತೊಂದು. ನಿಮ್ಮದು ಇದರಲ್ಲಿ ಯಾವುದು ಅಂತ ನೋಡಿಕೊಂಡ ಮೇಲೇ ಸ್ಕ್ರೂಡ್ರೈವರ್ ಕೈಗೆ ತಗೊಳ್ಳಿ.

ಎರಡನೆಯದಾಗಿ ಮಾಡಿದ್ದು ಮಾತ್ರ ಸರಿಯಾಗಿತ್ತು. ಹಾರ್ಡ್ ಡಿಸ್ಕ್ ಬಿಚ್ಚಿ, ಫ್ರೆಂಡ್ ಹತ್ತಿರ ಇದ್ದ ಸಾಟಾ ಟು ಯುಎಸ್‌ಬಿ ಅಡಾಪ್ಟರ್ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚಿದ್ವಿ. ಎಲ್ಲ ಫೈಲ್ ಇತ್ತು. ಕಂಪ್ಯೂಟರ್ ಆನ್ ಆಗದಿದ್ದರೆ ಡೇಟಾ ಹೋಯ್ತು ಅಂತ ಅಲ್ಲ, ಇದು ನಮಗೆ ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ ಆಗುತ್ತೆ. ಕಾಪಿ ಆಗೋಕೆ ಶುರುವಾದ ಮೇಲೆ ನಮ್ಮ ಕೈ ನಡುಗೋದು ನಿಂತಿತು.

ಆಮೇಲೆ ನಿಧಾನವಾಗಿ ಕೂತು ಯೋಚನೆ ಮಾಡಿದ್ವಿ. ಬಟನ್ ಒತ್ತಿದಾಗ ನಿಜವಾಗಿ ಏನಾಗುತ್ತೆ? ಫ್ಯಾನ್ ಸ್ವಿಚ್ ಥರ ಅದು ಕರೆಂಟನ್ನೇ ಕತ್ತರಿಸಿ ಜೋಡಿಸಲ್ಲ. ಗೋಡೆಯ 230 ವೋಲ್ಟ್ ಎಸ್‌ಎಂಪಿಎಸ್‌ಗೆ ಬಂದ ಕೂಡಲೇ ಅದರ ಒಂದು ಚಿಕ್ಕ ಭಾಗ ಎಚ್ಚರವಾಗಿ, 24 ಪಿನ್ ಕನೆಕ್ಟರ್‌ನ ನೇರಳೆ ವೈರ್‌ನಲ್ಲಿ 5 ವೋಲ್ಟ್ ಕೊಡುತ್ತಲೇ ಇರುತ್ತೆ. ಇದಕ್ಕೆ ಸ್ಟ್ಯಾಂಡ್‌ಬೈ ಅಂತಾರೆ. ನಾವು ಬಟನ್ ಒತ್ತಿದಾಗ ಮದರ್‌ಬೋರ್ಡ್‌ನ ಎರಡು ಪಿನ್ ಒಂದು ಕ್ಷಣ ಶಾರ್ಟ್ ಆಗುತ್ತವೆ. ಬೋರ್ಡ್ ಆಗ ಹಸಿರು ವೈರನ್ನು ಗ್ರೌಂಡ್‌ಗೆ ಎಳೆಯುತ್ತೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕ್ಲಾಸಲ್ಲಿ ನಿದ್ದೆ ಮಾಡ್ತಾ ಕೇಳಿದ ಆಕ್ಟಿವ್ ಲೋ ಅಂದರೆ ಇದೇ. ಹಸಿರು ಕೆಳಗಿಳಿದರೆ ಎಸ್‌ಎಂಪಿಎಸ್ ಪೂರ್ತಿ ಎದ್ದು 12, 5, 3.3 ವೋಲ್ಟ್‌ಗಳನ್ನು ಕೊಡುತ್ತೆ, ಎಲ್ಲ ಸರಿಯಾದ ಮೇಲೆ ಬೂದು ವೈರ್‌ನಲ್ಲಿ "ಪವರ್ ಗುಡ್" ಅನ್ನುತ್ತೆ, ಅದಾದ ಮೇಲೆ ಪ್ರೊಸೆಸರ್ ಕೆಲಸ ಶುರು ಮಾಡುತ್ತೆ. ಗೋಡೆ, ವೈರು, ಎಸ್‌ಎಂಪಿಎಸ್, ಬಟನ್, ಬೋರ್ಡ್: ಈ ಸರಪಳಿಯಲ್ಲಿ ಎಲ್ಲಿ ತುಂಡಾಗಿದೆ ಅಂತ ಹುಡುಕೋದಷ್ಟೇ ಕೆಲಸ.

ಗೋಡೆಯಿಂದ ಶುರು ಮಾಡಿ. ನಾವು ಮೊಬೈಲ್ ಚಾರ್ಜರ್ ಹಾಕಿ ನೋಡಿ "ಕರೆಂಟ್ ಇದೆ" ಅಂದ್ವಿ. ಆದರೆ ಹೆಚ್ಚಿನ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ಏನು ಕೊಟ್ಟರೂ ಓಡುತ್ತವೆ, ಎಕ್ಸ್‌ಟೆನ್ಷನ್ ಬಾಕ್ಸ್‌ನೊಳಗೆ ಸಡಿಲ ಇದ್ದರೆ ಅದರಿಂದ ಗೊತ್ತಾಗಲ್ಲ. ಬಾಕ್ಸ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ. ಪವರ್ ಕೇಬಲ್ ಬದಲಿಸಿ, ಮಾನಿಟರ್‌ನದ್ದೂ ಸಾಮಾನ್ಯವಾಗಿ ಅದೇ ಕೇಬಲ್. ಎಸ್‌ಎಂಪಿಎಸ್ ಹಿಂದಿರುವ ಸ್ವಿಚ್ ಗೆರೆಯ ಕಡೆ ಒತ್ತಿರಬೇಕು, ಸೊನ್ನೆಯ ಕಡೆ ಅಲ್ಲ. ಕಸ ಗುಡಿಸುವಾಗ ಯಾರಾದರೂ ತಗುಲಿಸಿರ್ತಾರೆ. ಹಳೇ ಎಸ್‌ಎಂಪಿಎಸ್‌ಗಳಲ್ಲಿ 115/230 ಅಂತ ಇನ್ನೊಂದು ಕೆಂಪು ಸ್ವಿಚ್ ಇರುತ್ತೆ. ಅದು 230ರಲ್ಲೇ ಇರಲಿ. ಕುತೂಹಲಕ್ಕೂ ಆಡಿಸಬೇಡಿ, ಢಂ ಅನ್ನುತ್ತೆ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಾ? ಹಾಸ್ಟೆಲ್‌ಗಳಲ್ಲಿ ಇದು ಮಾಮೂಲು ಅಂತ ಎಲ್ಲರೂ ಸುಮ್ಮನಿರ್ತಾರೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಅರ್ತ್‌ಗೆ, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತವೆ. ಅರ್ತಿಂಗ್ ಇಲ್ಲದಿದ್ದರೆ ಅವೆರಡರ ನಡುವೆ ಕ್ಯಾಬಿನೆಟ್ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತೆ. ಕರೆಂಟ್ ತುಂಬಾ ಕಡಿಮೆ, ನಿಜ. ಆದರೂ ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ಪಾಯಿಂಟ್ ಸರಿ ಮಾಡಿಸಿ.

ನಮ್ಮ ಕತೆಗೆ ಬರೋಣ. ಪಕ್ಕದ ಹೊದಿಕೆ ತೆಗೆದು ಪ್ಲಗ್ ಹಾಕಿದಾಗ ಬೋರ್ಡ್ ಮೇಲೆ ಒಂದು ಚಿಕ್ಕ ಹಸಿರು ಎಲ್‌ಇಡಿ ಹತ್ತಿತು. ಅಂಗಡಿಯಲ್ಲಿ ಯಾರೂ ಹೊದಿಕೆ ತೆಗೆದಿರಲೇ ಇಲ್ಲ. ಲ್ಯಾಬ್‌ನಿಂದ ಕೇಳಿ ತಂದಿದ್ದ ಮಲ್ಟಿಮೀಟರ್‌ನಲ್ಲಿ ನೇರಳೆಗೂ ಕಪ್ಪಿಗೂ ನಡುವೆ ಅಳೆದ್ವಿ, 5 ವೋಲ್ಟ್ ಇತ್ತು. ಇದು ಬರದೇ ಇದ್ದಿದ್ದರೆ 24 ಪಿನ್ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ ಮತ್ತೆ ಅಳೆಯಬೇಕು. ಆಗಲೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಸತ್ತಿದೆ. ಆಗ ಬಂದರೆ ಬೋರ್ಡ್‌ನಲ್ಲೋ ಅದಕ್ಕೆ ಹಾಕಿರುವ ಯಾವುದರಲ್ಲೋ ಶಾರ್ಟ್ ಇದೆ.

ಮುಂದಿನದು ಪೇಪರ್ ಕ್ಲಿಪ್ ಪರೀಕ್ಷೆ. ಪ್ಲಗ್ ತೆಗೆದು, ಕನೆಕ್ಟರ್ ಬಿಡಿಸಿ, ಹಸಿರು ವೈರ್ ಇರುವ 16ನೇ ಪಿನ್ನಿಗೂ ಪಕ್ಕದ 17ನೇ ಕಪ್ಪಿಗೂ ಕ್ಲಿಪ್ ಸೇರಿಸಿ, ಕೈ ಬಿಟ್ಟು, ಆಮೇಲೆ ಪ್ಲಗ್ ಹಾಕಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪೇ ಇರುತ್ತವೆ, ಪಿನ್ ಚಿತ್ರ ನೋಡದೆ ಚುಚ್ಚಬೇಡಿ. ನಮ್ಮದರ ಫ್ಯಾನ್ ತಿರುಗಿತು. ಹಳದಿಯಲ್ಲಿ 12 ವೋಲ್ಟ್ ಸರಿಯಾಗಿತ್ತು (11.4ರಿಂದ 12.6ರ ಒಳಗೆ ಇದ್ದರೆ ಸಾಕು). ಲೋಡ್ ಇಲ್ಲದೆ ಸರಿ ಬಂದ ಮಾತ್ರಕ್ಕೆ ಲೋಡ್ ಹಾಕಿದಾಗಲೂ ಸರಿ ಬರುತ್ತೆ ಅಂತಿಲ್ಲ, ಆದರೆ ಸತ್ತಿಲ್ಲ ಅನ್ನೋದಂತೂ ಖಚಿತ.

ಆಗ ನಮಗೆ ಬೇಜಾರಾಯ್ತು. ಎಸ್‌ಎಂಪಿಎಸ್ ಸರಿ ಇದೆ ಅಂದರೆ ಉಳಿದದ್ದು ಬೋರ್ಡೇ, ಅಂಗಡಿ ಅಣ್ಣ ಹೇಳಿದ್ದೇ ನಿಜ ಅಂತ. ರಾತ್ರಿ ಒಂದೂವರೆ ಆಗಿತ್ತು. ಒಬ್ಬಳು ಚಹಾ ಫ್ಲಾಸ್ಕ್ ಮುಚ್ಚುತ್ತಾ ಕೇಳಿದಳು, "ಬಟನ್ ಚೆಕ್ ಮಾಡಿದ್ವಾ?"

ಮಾಡಿರಲಿಲ್ಲ. ಕನೆಕ್ಟರ್ ವಾಪಸ್ ಹಾಕಿ, ಬೋರ್ಡ್‌ನ ಕೆಳಗಿನ ಅಂಚಿನಲ್ಲಿ ಬಟನ್ ವೈರ್ ಬಂದು ಸೇರುವ ಎರಡು ಪಿನ್ ಹುಡುಕಿ, ಆ ವೈರ್ ಕಿತ್ತು, ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿದ್ವಿ. ಫ್ಯಾನ್ ಜುಯ್ ಅಂತು. ಮಾನಿಟರ್ ಮೇಲೆ ಲೋಗೋ ಬಂತು. ಹಾಸ್ಟೆಲ್ ವಾರ್ಡನ್‌ಗೆ ಕೇಳಿಸುವಷ್ಟು ಕೂಗಿದ್ವಿ. ಮಲ್ಟಿಮೀಟರ್ ಅನ್ನು ಬೀಪ್ ಮೋಡ್‌ಗೆ ಇಟ್ಟು ಬಟನ್ ವೈರ್ ಅಳೆದರೆ, ಎಷ್ಟು ಒತ್ತಿದರೂ ಬೀಪ್ ಇಲ್ಲ. ಒಳಗಿನ ಚಿಕ್ಕ ಸ್ವಿಚ್ ಸವೆದುಹೋಗಿತ್ತು. ಎಲ್ಲಕ್ಕಿಂತ ಸುಲಭದ ಪರೀಕ್ಷೆಯನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದ್ವಿ. ನೀವು ಕ್ಲಿಪ್ ಹುಡುಕೋ ಮೊದಲೇ ಇದನ್ನು ಮಾಡಿ. ಬೇರೆ ಪಿನ್‌ಗಳಿಗೆ ಮಾತ್ರ ತಾಗಿಸಬೇಡಿ.

ಒಂದು ಸೆಕೆಂಡ್ ತಿರುಗಿ ನಿಲ್ಲುವ ಕೇಸ್ ಬೇರೆ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ ಪವರ್ ಕೇಬಲ್ ಹಾಕಿದ್ದೀರಾ ನೋಡಿ, ಹೊಸದಾಗಿ ಅಸೆಂಬಲ್ ಮಾಡಿದವರು ಮರೆಯೋದು ಇದನ್ನೇ. ಆಮೇಲೆ ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಯುಎಸ್‌ಬಿ ಎಲ್ಲ ತೆಗೆದು, ಒಂದೇ ರ‍್ಯಾಮ್ ಇಟ್ಟು ಆನ್ ಮಾಡಿ, ಒಂದೊಂದಾಗಿ ಸೇರಿಸುತ್ತಾ ಬನ್ನಿ. ಪ್ರತಿ ಸಲ ಪ್ಲಗ್ ತೆಗೆದೇ ಸೇರಿಸಿ. ಬೋರ್ಡ್ ಅಡಿಗೆ ಬಿದ್ದ ಒಂದು ಸ್ಕ್ರೂ ಕೂಡ ಹೀಗೆ ಮಾಡಿಸಬಲ್ಲದು. ಸಿಆರ್ 2032 ಬ್ಯಾಟರಿಯನ್ನು ಎಲ್ಲರೂ ಬೈತಾರೆ, ಆದರೆ ಅದು ಸತ್ತರೆ ಹೆಚ್ಚಾಗಿ ಕೆಡೋದು ತಾರೀಖು ಮತ್ತು ಸೆಟ್ಟಿಂಗ್ಸ್ ಮಾತ್ರ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. 230 ಅನ್ನೋದು ಆರ್‌ಎಂಎಸ್. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಕೆಟ್ಟಿದ್ದರೆ ಬೇರೆಯದು ತನ್ನಿ.

ನಮ್ಮದಕ್ಕೆ ಖರ್ಚು ಸೊನ್ನೆ. ರೀಸೆಟ್ ಬಟನ್‌ನ ವೈರ್ ತೆಗೆದು ಪವರ್ ಪಿನ್‌ಗೆ ಹಾಕಿದ್ವಿ, ಎರಡೂ ಒಂದೇ ಥರದ ಸ್ವಿಚ್. ಸಂಚಿಕೆ ಸಮಯಕ್ಕೆ ಬಂತು, ಫೈಲ್‌ಗಳು ಈಗ ಮೂರು ಕಡೆ ಇವೆ. ಹೊಸದಾಗಿ ಕೋಣೆಗೆ ಬಂದ ಫಸ್ಟ್ ಇಯರ್‌ನವರು ಮಾತ್ರ ದೊಡ್ಡ ಬಟನ್ ಒತ್ತಿ ಒತ್ತಿ "ಅಕ್ಕಾ, ಇದು ಸತ್ತಿದೆ" ಅಂತಾರೆ. ಅದಕ್ಕೆ ಒಂದು ಚೀಟಿ ಅಂಟಿಸಿದ್ದೀವಿ: "ಕೆಳಗಿನ ಚಿಕ್ಕದನ್ನು ಒತ್ತಿ."