ಹನಿಗೂಡಿದ ಮೇಲೆ

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬುದು ಕನ್ನಡಿಗರೆಲ್ಲ ಬಲ್ಲ ಗಾದೆ. ಹನಿಗಳು ಹೇಗೆ ಕೂಡುತ್ತವೆ ಎಂಬುದನ್ನು ಈ ಗಾದೆ ಹೇಳುತ್ತದೆ. ಆದರೆ ಕೂಡಿದ ನೀರು ಹೊಲವನ್ನು ಮುಟ್ಟಿತೆ, ಇಲ್ಲವೆ ದಾರಿಯಲ್ಲಿಯೇ ಇಂಗಿಹೋಯಿತೆ ಎಂಬುದು ಬೇರೊಂದು ಪ್ರಶ್ನೆ. ಕೆರೆ ತುಂಬಿದ ದಿನ ಊರವರು ಬಾಗಿನ ಅರ್ಪಿಸಿ ಸಂಭ್ರಮಿಸುತ್ತಾರೆ. ತೂಬು, ಕಾಲುವೆಗಳ ಕೆಲಸವಾದರೋ ಆ ದಿನದಿಂದಲೇ ಪ್ರಾರಂಭವಾಗುತ್ತದೆ. ಜನರಿಂದ ಹಣ ಕೂಡಿಸಿ ಉದ್ಯಮ ನಡೆಸುವವರ ಕಥೆಯೂ ಹೀಗೆಯೇ.

ಜನರಿಂದ ಸಣ್ಣ ಸಣ್ಣ ಮೊತ್ತಗಳನ್ನು ಪಡೆದು ದೊಡ್ಡ ಕಾರ್ಯವನ್ನು ಸಾಧಿಸುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ನ್ಯೂಯಾರ್ಕ್ ಬಂದರಿನಲ್ಲಿ ನಿಂತಿರುವ ಸ್ವಾತಂತ್ರ್ಯದೇವಿಯ ಪ್ರತಿಮೆ ಫ್ರಾನ್ಸ್ ದೇಶದ ಜನರ ಕಾಣಿಕೆ. ಅದನ್ನು ನಿಲ್ಲಿಸುವ ಪೀಠವನ್ನು ಕಟ್ಟುವ ಹೊಣೆ ಅಮೆರಿಕದವರದಾಗಿತ್ತು. ಪೀಠಕ್ಕೆ ಹಣ ಸಾಲದೆ ಹೋದಾಗ ಜೋಸೆಫ್ ಪುಲಿಟ್ಜರ್ ಎಂಬ ಪತ್ರಿಕೋದ್ಯಮಿಯು 1885ರಲ್ಲಿ ತನ್ನ ‘ದಿ ವರ್ಲ್ಡ್’ ಪತ್ರಿಕೆಯ ಮೂಲಕ ಜನರಲ್ಲಿ ಮನವಿ ಮಾಡಿದನು. ಹಣ ಕೊಟ್ಟ ಪ್ರತಿಯೊಬ್ಬರ ಹೆಸರನ್ನೂ ಅಚ್ಚುಮಾಡುವುದಾಗಿ ಮಾತು ಕೊಟ್ಟನು. ಐದು ತಿಂಗಳಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕ ಹಣ ಕೂಡಿತು. ಕೊಟ್ಟವರ ಸಂಖ್ಯೆಯೂ ಒಂದು ಲಕ್ಷವನ್ನು ಮೀರಿತ್ತು. ಅವರಲ್ಲಿ ಬಹುಮಂದಿ ಕೊಟ್ಟದ್ದು ಒಂದು ಡಾಲರಿಗಿಂತಲೂ ಕಡಿಮೆ. ಪೀಠ ಸಿದ್ಧವಾಯಿತು, 1886ರಲ್ಲಿ ಪ್ರತಿಮೆ ಅದರ ಮೇಲೆ ನಿಂತಿತು. ಕೊಟ್ಟವರಲ್ಲಿ ಬಹುಮಂದಿ ತಮಗಾಗಿ ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಪದ್ಧತಿಯು ಅಂತರಜಾಲದ ನೆರವಿನಿಂದ ಹೊಸ ರೂಪ ತಳೆಯಿತು. ಇದಕ್ಕೆ ಕ್ರೌಡ್‌ಫಂಡಿಂಗ್, ಎಂದರೆ ಸಮೂಹ ಧನಸಂಗ್ರಹ ಎಂದು ಹೆಸರು. 2009ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಎಂಬ ಸಂಸ್ಥೆ ಇದಕ್ಕೆ ಪ್ರಸಿದ್ಧವಾದ ವೇದಿಕೆ. ಹೊಸ ವಸ್ತುವೊಂದನ್ನು ತಯಾರಿಸಬಯಸುವವನು ಅದರ ವಿವರವನ್ನೂ ತನಗೆ ಬೇಕಾದ ಹಣದ ಗುರಿಯನ್ನೂ ಅಲ್ಲಿ ಪ್ರಕಟಿಸುತ್ತಾನೆ. ಗೊತ್ತಾದ ದಿನಗಳೊಳಗೆ ಗುರಿ ಮುಟ್ಟಿದರೆ ಹಣ ಅವನ ಕೈಸೇರುತ್ತದೆ; ಮುಟ್ಟದಿದ್ದರೆ ಒಂದು ಕಾಸೂ ದೊರೆಯುವುದಿಲ್ಲ. ಸಂಗ್ರಹವಾದ ಹಣದಲ್ಲಿ ನೂರಕ್ಕೆ ಐದರಷ್ಟನ್ನು ಸಂಸ್ಥೆ ತನ್ನ ಶುಲ್ಕವಾಗಿ ಹಿಡಿದುಕೊಳ್ಳುತ್ತದೆ. ಹಣ ಕೊಟ್ಟ ಬೆಂಬಲಿಗರಿಗೆ ಉದ್ಯಮದಲ್ಲಿ ಪಾಲಿಲ್ಲ. ಸಾಮಾನ್ಯವಾಗಿ ಆ ವಸ್ತುವೇ ತಯಾರಾದ ಮೇಲೆ ಅವರ ಮನೆಗೆ ಬರಬೇಕು.

ಪೀಠಕ್ಕೆ ಕೊಟ್ಟ ಹಣಕ್ಕೂ ಈ ಹಣಕ್ಕೂ ಇರುವ ಭೇದ ಇದೇ. ಅದು ಕಾಣಿಕೆ, ಇದು ಮುಂಗಡ. ಊರಿನ ಬಡಗಿಯು ಹತ್ತು ಮನೆಯವರಿಂದ ಮುಂಗಡ ಪಡೆದು ಹತ್ತು ಕುರ್ಚಿ ಮಾಡಿಕೊಡಬಲ್ಲನು. ಮರದ ಬೆಲೆ, ಕೂಲಿ, ಹಿಡಿಯುವ ದಿನಗಳು ಎಲ್ಲವೂ ಅವನಿಗೆ ಗೊತ್ತು. ಅದೇ ಬಡಗಿಗೆ ಎರಡು ತಿಂಗಳೊಳಗೆ ಅರುವತ್ತು ಸಾವಿರ ಮನೆಗಳಿಂದ ಮುಂಗಡ ಬಂದರೆ ಅವನು ಹಿಗ್ಗಬೇಕೆ, ಹೆದರಬೇಕೆ? ಅಮೆರಿಕದಲ್ಲಿ ಒಬ್ಬನಿಗೆ ನಿಜವಾಗಿ ಹೀಗೆಯೇ ಆಯಿತು.

ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ರಯಾನ್ ಗ್ರೆಪರ್ ಎಂಬಾತನು ವಿಹಾರಕ್ಕೆ ಕೊಂಡೊಯ್ಯಬಹುದಾದ ತಂಪುಪೆಟ್ಟಿಗೆಯೊಂದನ್ನು ಯೋಜಿಸಿದನು. ಹಣ್ಣಿನ ರಸ ಕಡೆಯುವ ಯಂತ್ರ, ಸಂಗೀತ ಕೇಳಿಸುವ ಧ್ವನಿವರ್ಧಕ, ದೂರವಾಣಿಗೆ ವಿದ್ಯುತ್ ತುಂಬುವ ಸೌಕರ್ಯ ಎಲ್ಲವೂ ಅದರಲ್ಲಿದ್ದವು. ಅದಕ್ಕೆ ‘ಕೂಲೆಸ್ಟ್ ಕೂಲರ್’ ಎಂದು ಹೆಸರಿಟ್ಟನು. 2013ರ ಚಳಿಗಾಲದಲ್ಲಿ ಅವನು ನಡೆಸಿದ ಮೊದಲ ಅಭಿಯಾನ ಗುರಿ ಮುಟ್ಟಲಿಲ್ಲ. ಛಲ ಬಿಡದೆ 2014ರ ಬೇಸಗೆಯಲ್ಲಿ 50,000 ಡಾಲರುಗಳ ಗುರಿಯೊಂದಿಗೆ ಪುನಃ ಜನರ ಮುಂದೆ ಬಂದನು. ಆಗಸ್ಟ್ ತಿಂಗಳ ಕೊನೆಗೆ 62,642 ಬೆಂಬಲಿಗರಿಂದ 1,32,85,226 ಡಾಲರುಗಳು ಕೂಡಿದ್ದವು. ಅದುವರೆಗೆ ಆ ವೇದಿಕೆಯಲ್ಲಿ ಯಾರಿಗೂ ಅಷ್ಟು ಹಣ ಬಂದಿರಲಿಲ್ಲ.

ಲೋಕವೆಲ್ಲ ಅವನನ್ನು ಭಾಗ್ಯಶಾಲಿ ಎಂದು ಕೊಂಡಾಡಿತು. ಆದರೆ ಲೆಕ್ಕ ಹಾಕಿ ನೋಡಿದರೆ ಒಬ್ಬ ಬೆಂಬಲಿಗನಿಂದ ಬಂದದ್ದು ಸರಾಸರಿ ಸುಮಾರು 212 ಡಾಲರ್ ಮಾತ್ರ. ವೇದಿಕೆಯ ಶುಲ್ಕ, ಕಾರ್ಖಾನೆಯ ಅಚ್ಚುಗಳು, ಬಿಡಿಭಾಗಗಳು, ಕೂಲಿ, ಸಾಗಣೆ ಎಲ್ಲವನ್ನೂ ಅದರೊಳಗೇ ನಿಭಾಯಿಸಬೇಕಾಗಿತ್ತು. ಪೆಟ್ಟಿಗೆಯ ವೆಚ್ಚ ಖಚಿತವಾಗಿ ತಿಳಿಯುವ ಮೊದಲೇ ಬೆಲೆ ಗೊತ್ತಾಗಿಹೋಗಿತ್ತು. ಹೀಗಿರುವಲ್ಲಿ ಬಂದ ಹಣ ಸಾಲದಾಯಿತು. 2015ರ ಫೆಬ್ರವರಿಯಲ್ಲಿ ಕಳುಹಿಸುವುದಾಗಿ ಹೇಳಿದ್ದ ಪೆಟ್ಟಿಗೆಗಳು ತಡವಾದವು. ಹಣದ ಅಡಚಣೆಯನ್ನು ನೀಗಲು ಉದ್ಯಮವು ಹೆಚ್ಚಿನ ಬೆಲೆಗೆ ಹೊರಗಿನ ಗಿರಾಕಿಗಳಿಗೆ ಪೆಟ್ಟಿಗೆಗಳನ್ನು ಮಾರತೊಡಗಿತು. ಮೊದಲು ಹಣ ಕೊಟ್ಟವರು ಕಾಯುತ್ತಿರುವಾಗ ನಿನ್ನೆ ಬಂದವರ ಮನೆಗೆ ಪೆಟ್ಟಿಗೆ ಹೋದದ್ದನ್ನು ಕಂಡು ಬೆಂಬಲಿಗರು ಸಿಡಿದೆದ್ದರು. 2016ರಲ್ಲಿ, ಬೇಗನೆ ಬೇಕಾದವರು ಇನ್ನೂ 97 ಡಾಲರ್ ಕೊಡಬೇಕೆಂಬ ಸೂಚನೆ ಬಂದಾಗ ಅವರ ವಿಶ್ವಾಸ ಮತ್ತಷ್ಟು ಕುಗ್ಗಿತು. ದೂರುಗಳು ಸಂಸ್ಥಾನದ ನ್ಯಾಯ ಇಲಾಖೆಯನ್ನು ಮುಟ್ಟಿ, 2017ರಲ್ಲಿ ಉದ್ಯಮವು ಅದರೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕಡೆಗೆ 2019ರ ಡಿಸೆಂಬರಿನಲ್ಲಿ, ಆಮದು ಸುಂಕದ ಹೊರೆಯನ್ನು ಕಾರಣವಾಗಿ ಹೇಳಿ, ಉದ್ಯಮ ಬಾಗಿಲು ಮುಚ್ಚಿತು. ಆ ವೇಳೆಗೆ ಸುಮಾರು 20,000 ಬೆಂಬಲಿಗರಿಗೆ ಪೆಟ್ಟಿಗೆ ತಲಪಿರಲೇ ಇಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಬೇಡಿಕೆ ಇಲ್ಲದೆ ಈ ಉದ್ಯಮ ಕೆಡಲಿಲ್ಲ. ಒಂದೊಂದು ಪೆಟ್ಟಿಗೆಯಲ್ಲಿಯೂ ನಷ್ಟವಿದ್ದರೆ ಬೇಡಿಕೆ ಹೆಚ್ಚಿದಷ್ಟೂ ನಷ್ಟವೂ ಹೆಚ್ಚುತ್ತದೆ.

ಕೊಟ್ಟ ಮಾತನ್ನು ಉಳಿಸಿಕೊಂಡವರಿಗೂ ಮುಂದಿನ ಹಾದಿ ಸುಗಮವಾಗಿರುವುದಿಲ್ಲ. ಎರಿಕ್ ಮಿಗಿಕೋವ್‌ಸ್ಕಿ ಎಂಬ ತರುಣನು 2012ರಲ್ಲಿ ‘ಪೆಬಲ್’ ಎಂಬ ಹೊಸ ಬಗೆಯ ಕೈಗಡಿಯಾರಕ್ಕಾಗಿ 68,929 ಜನರಿಂದ 1,02,66,845 ಡಾಲರುಗಳನ್ನು ಸಂಗ್ರಹಿಸಿದನು. ಕೆಲವು ತಿಂಗಳು ತಡವಾದರೂ 2013ರಲ್ಲಿ ಗಡಿಯಾರಗಳು ಬಂದವು, ಜನ ಮೆಚ್ಚಿದರು. 2014 ಮುಗಿಯುವುದರೊಳಗೆ ಹತ್ತು ಲಕ್ಷ ಗಡಿಯಾರಗಳು ಮಾರಾಟವಾದವು. 2015ರ ಅಭಿಯಾನದಲ್ಲಿ ಎರಡು ಕೋಟಿ ಡಾಲರುಗಳಿಗೂ ಮೀರಿ ಹಣ ಕೂಡಿತು. ಆದರೆ ಅದೇ ವರ್ಷ ಆಪಲ್ ಎಂಬ ದೈತ್ಯ ಸಂಸ್ಥೆಯ ಕೈಗಡಿಯಾರ ಪೇಟೆಗೆ ಬಂದಿತು. ಬೆಂಬಲಿಗರ ಬಳಗಕ್ಕೆ ಮಾರುವುದು ಒಂದು, ವಿಶಾಲವಾದ ಮಾರುಕಟ್ಟೆಯಲ್ಲಿ ವರ್ಷ ವರ್ಷವೂ ಮಾರುವುದು ಇನ್ನೊಂದು. 2016ರ ಡಿಸೆಂಬರಿನಲ್ಲಿ ಪೆಬಲ್ ತನ್ನ ವ್ಯವಹಾರವನ್ನು ನಿಲ್ಲಿಸಿ, ತನ್ನ ತಂತ್ರಾಂಶವನ್ನು ಫಿಟ್‌ಬಿಟ್ ಎಂಬ ಸಂಸ್ಥೆಗೆ ಮಾರಿತು. ಇನ್ನೂ ತಯಾರಾಗದಿದ್ದ ಗಡಿಯಾರಗಳಿಗೆ ಹಣ ಕೊಟ್ಟಿದ್ದವರಿಗೆ ಅದನ್ನು ಹಿಂದಿರುಗಿಸಿತು ಎಂಬುದು ಸಮಾಧಾನದ ಸಂಗತಿ.

ಇದಕ್ಕೆ ಭಿನ್ನವಾದ ಉದಾಹರಣೆಯೂ ಇದೆ. 2015ರಲ್ಲಿ ‘ಎಕ್ಸ್‌ಪ್ಲೋಡಿಂಗ್ ಕಿಟನ್ಸ್’ ಎಂಬ ಇಸ್ಪೀಟಿನಂತಹ ಆಟಕ್ಕೆ ಮೂವರು ಗೆಳೆಯರು ಕೇಳಿದ್ದು 10,000 ಡಾಲರ್. ಬಂದದ್ದು 2,19,382 ಜನರಿಂದ 87,82,571 ಡಾಲರ್. ಇಲ್ಲಿಯೂ ಪ್ರವಾಹವೇ ಬಂದಿತು. ಆದರೆ ಮಾಡಬೇಕಾಗಿದ್ದುದು ಮುದ್ರಿತ ಎಲೆಗಳ ಕಟ್ಟು. ಮುದ್ರಣವು ಚೆನ್ನಾಗಿ ಬಲ್ಲ ಕೆಲಸ. ಸಂಖ್ಯೆ ಹೆಚ್ಚಿದಂತೆ ಒಂದೊಂದರ ವೆಚ್ಚ ಇಳಿಯುತ್ತದೆ. ಹಣ ಹರಿದುಬಂದಿತೆಂದು ಅವರು ವಸ್ತುವನ್ನು ಜಟಿಲಗೊಳಿಸಲಿಲ್ಲ. ಅದೇ ವರ್ಷದ ಬೇಸಗೆಯಲ್ಲಿ ಆಟದ ಕಟ್ಟುಗಳು ಬೆಂಬಲಿಗರತ್ತ ಹೊರಟವು. ಮುಂದೆ ಆ ಉದ್ಯಮ ಹಲವು ಹೊಸ ಆಟಗಳನ್ನು ಹೊರತಂದು ಬೆಳೆಯಿತು.

ಇಂತಹ ಉದ್ಯಮಗಳ ಮುಂದಿನ ಗತಿಯನ್ನು ವಿದ್ವಾಂಸರೂ ಪರಿಶೀಲಿಸಿದ್ದಾರೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಈಥನ್ ಮೋಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸ್ತು ಕೊಡುವುದಾಗಿ ಹೇಳಿದ ಯೋಜನೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ತಡವಾದವು. 2015ರಲ್ಲಿ ಸುಮಾರು 47,000 ಬೆಂಬಲಿಗರನ್ನು ವಿಚಾರಿಸಿದಾಗ, ನೂರರಲ್ಲಿ ಒಂಬತ್ತು ಯೋಜನೆಗಳು ಕೊಟ್ಟ ಮಾತನ್ನು ನಡೆಸಲಿಲ್ಲವೆಂದು ತಿಳಿಯಿತು. ಮೋಲಿಕ್ ಮತ್ತು ವೆಂಕಟ್ ಕುಪ್ಪುಸ್ವಾಮಿ ಅವರು ಜೊತೆಗೂಡಿ ನಡೆಸಿದ ಇನ್ನೊಂದು ಸಮೀಕ್ಷೆಯಲ್ಲಿ, 2012ರ ಮಧ್ಯಭಾಗಕ್ಕೆ ಮುನ್ನ ಅಭಿಯಾನ ನಡೆಸಿ ಗುರಿ ಮುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಉದ್ಯಮಗಳು ಇನ್ನೂ ನಡೆಯುತ್ತಿದ್ದವು. ಅವು ಸರಾಸರಿ ಇಬ್ಬರಿಗಿಂತ ತುಸು ಹೆಚ್ಚು ಜನರಿಗೆ ಹೊಸದಾಗಿ ಕೆಲಸ ಕೊಟ್ಟಿದ್ದವು. ಆದುದರಿಂದ ಈ ಮಾರ್ಗವೇ ಕೆಟ್ಟದ್ದೆಂದು ಹೇಳಲಾಗದು. ಪತ್ರಿಕೆಗಳಲ್ಲಿ ಸುದ್ದಿಯಾಗದೆ, ಇಬ್ಬರು ಮೂವರ ದುಡಿಮೆಯಿಂದ ಮೆಲ್ಲನೆ ಬೆಳೆದ ಸಣ್ಣ ಉದ್ಯಮಗಳೇ ಇಲ್ಲಿ ಹೆಚ್ಚು.

ಅಭಿಯಾನ ಮುಗಿದ ದಿನ ಉದ್ಯಮಿಯ ಕೈಯಲ್ಲಿರುವುದು ಲಾಭವಲ್ಲ, ಋಣ. ಸಾವಿರಾರು ಅಪರಿಚಿತರು ಅವನ ಮಾತನ್ನು ನಂಬಿ ಕೊಟ್ಟ ಹಣ ಅದು. ವೆಚ್ಚವನ್ನು ತಿಳಿದು ಬೆಲೆ ಕಟ್ಟಿದವನು, ಶಕ್ತಿಯನ್ನರಿತು ಮಾತು ಕೊಟ್ಟವನು, ತೊಡಕು ಬಂದಾಗ ಮರೆಮಾಡದೆ ತಿಳಿಸಿದವನು ಆ ಋಣವನ್ನು ತೀರಿಸಬಲ್ಲನು. ಕೆರೆಯ ಹಿರಿಮೆಯನ್ನು ರೈತನು ಅದು ತುಂಬಿದ ದಿನ ಅಳೆಯುವುದಿಲ್ಲ; ಕೊನೆಯ ಗದ್ದೆಗೆ ನೀರು ಹರಿದ ದಿನ ಅಳೆಯುತ್ತಾನೆ.