48 ವೋಲ್ಟ್ ಎಂದರೆ ಎಷ್ಟು? ಪರಿವರ್ತಿತ ವಿದ್ಯುತ್ ಬೈಕಿನ ಬ್ಯಾಟರಿ ಮತ್ತು ಚಾರ್ಜಿಂಗ್

ಅಂಗಡಿಯಿಂದ ಗಿರಾಕಿಗೆ ಸರಕು ಮುಟ್ಟಿಸುವ ಪೆಟ್ರೋಲ್ ಬೈಕನ್ನು ವಿದ್ಯುತ್ತಿಗೆ ಪರಿವರ್ತಿಸಲು ಯೋಚಿಸುವ ವರ್ತಕ ಬಾಂಧವರು ಮೊದಲು ಕಿಟ್‌ನ ಬೆಲೆಯನ್ನು ವಿಚಾರಿಸುತ್ತಾರೆ. ಆದರೆ ಲಾಭ-ನಷ್ಟವನ್ನು ನಿರ್ಧರಿಸುವುದು ಬ್ಯಾಟರಿ. ಅದರ ಮೇಲೆ ಬರೆದ ‘48 ವೋಲ್ಟ್’ ಎಂಬುದು ಕೇವಲ ಹೆಸರು. ಒಳಗಿನ ಲೆಕ್ಕ ಬೇರೆಯೇ ಇರುತ್ತದೆ.

1. ಹೆಸರು ಒಂದು, ಬ್ಯಾಟರಿ ಮೂರು

ವೋಲ್ಟೇಜನ್ನು ಟ್ಯಾಂಕಿನ ನೀರಿನ ಮಟ್ಟಕ್ಕೂ, ಆಂಪಿಯರ್-ಅವರ್ ಅನ್ನು ಟ್ಯಾಂಕಿನ ಹರವಿಗೂ ಹೋಲಿಸಬಹುದು. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 48 ವೋಲ್ಟ್ ಪಡೆಯಲಾಗಿತ್ತು. ಬೈಕುಗಳಲ್ಲಿ ಇದೇ ಹೆಸರಿನಲ್ಲಿ ಮೂರು ಬಗೆಗಳು ದೊರೆಯುತ್ತವೆ:

ಅ) ಸೀಸ-ಆಮ್ಲ: 12 ವೋಲ್ಟಿನ 4 ಬ್ಯಾಟರಿ, ಚಾರ್ಜರಿನ ಗರಿಷ್ಠ ವೋಲ್ಟೇಜು ಸುಮಾರು 57.6.
ಆ) ಲಿಥಿಯಂ ಎನ್‌ಎಂಸಿ: 13 ಕೋಶ, ಕೋಶಕ್ಕೆ 4.2ರಂತೆ 54.6.
ಇ) ಲಿಥಿಯಂ ಐರನ್ ಫಾಸ್ಫೇಟ್: 16 ಕೋಶ; ಕೋಶಕ್ಕೆ 3.65ರಂತೆ 58.4.

ಬೈಕು ನಿಂತು ಕೆಲ ಹೊತ್ತಾದ ಮೇಲೆ ಮೀಟರು 48 ತೋರಿಸಿದರೆ ಮೊದಲನೆಯದರಲ್ಲಿ ಕಾಲುಭಾಗ, ಎರಡನೆಯದರಲ್ಲಿ ಸುಮಾರು ಅರ್ಧ ಉಳಿದಿರುತ್ತದೆ. ಮೂರನೆಯದು ಬಹುತೇಕ ಬರಿದಾಗಿರುತ್ತದೆ. ಮೂರನೆಯ ಬಗೆಯಲ್ಲಿ ವೋಲ್ಟೇಜು ಬಹುಕಾಲ ಒಂದೇ ಮಟ್ಟದಲ್ಲಿದ್ದು ಕೊನೆಗೆ ಥಟ್ಟನೆ ಕುಸಿಯುವುದರಿಂದ ವೋಲ್ಟ್‌ಮೀಟರನ್ನೇ ನಂಬುವಂತಿಲ್ಲ.

2. ಓಡುವಾಗ ಇಳಿಯುವ ವೋಲ್ಟೇಜು

ಮೋಟಾರು 30 ಆಂಪಿಯರ್ ಎಳೆಯುತ್ತಿದ್ದು, ಬ್ಯಾಟರಿ ಹಾಗೂ ತಂತಿಗಳ ಒಟ್ಟು ರೋಧ 0.1 ಓಮ್ ಇದ್ದರೆ 3 ವೋಲ್ಟ್ ಅಲ್ಲಿಯೇ ಇಳಿಯುತ್ತದೆ. ಹೇರು ಹೊತ್ತು ಏರು ಹತ್ತುವಾಗ ಬೈಕು ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಹೊರಡುವುದಕ್ಕೆ ಇದೂ ಒಂದು ಕಾರಣ. ಸಡಿಲವಾದ ಜೋಡಣೆಗಳಿಂದ ಈ ನಷ್ಟ ಹೆಚ್ಚಿ, ತಂತಿಯ ತುದಿ ಕಾಯುತ್ತದೆ.

3. ಚಾರ್ಜರು ಅದಲುಬದಲಾದರೆ

ಸೀಸ-ಆಮ್ಲದ 57.6 ವೋಲ್ಟಿನ ಚಾರ್ಜರನ್ನು 13 ಕೋಶಗಳ ಎನ್‌ಎಂಸಿಗೆ ಹಚ್ಚಿದರೆ ಪ್ರತಿ ಕೋಶಕ್ಕೆ 4.43 ವೋಲ್ಟ್ ಬೀಳಬಹುದು. ಇದು ಬೆಂಕಿಗೆ ಆಹ್ವಾನ. ಬ್ಯಾಟರಿಯೊಳಗಿನ ಬಿಎಂಎಸ್ ಇದನ್ನು ತಡೆಯಬೇಕು; ಆದರೆ ಅದು ಕೊನೆಯ ಕಾವಲುಗಾರನೇ ಹೊರತು ದಿನನಿತ್ಯದ ಸ್ವಿಚ್ಚಲ್ಲ. 54.6 ವೋಲ್ಟಿನ ಚಾರ್ಜರನ್ನು ಸೀಸ-ಆಮ್ಲಕ್ಕೆ ಹಚ್ಚಿದರೆ ಅದು ಸರಿಯಾಗಿ ತುಂಬದೆ ಬೇಗ ಹಾಳಾಗುತ್ತದೆ. ಪ್ಲಗ್ಗು ಕೂಡಿತೆಂಬುದು ಹೊಂದಾಣಿಕೆಯ ಪುರಾವೆಯಲ್ಲ.

ನಮ್ಮ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಲಿಥಿಯಂ ಕೋಶಗಳನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು. ಬಿಸಿಲಿನಿಂದ ಬಂದ ಬೈಕನ್ನು ನೆರಳಿನಲ್ಲಿ ಆರಿಸಿದ ನಂತರವೇ ಚಾರ್ಜಿಗೆ ಹಚ್ಚಬೇಕು. ಗೋಣಿಚೀಲ, ಬಟ್ಟೆಗಳ ದಾಸ್ತಾನಿನ ಬಳಿ ಹಚ್ಚಬಾರದು.

4. ವ್ಯಾಪಾರದ ಲೆಕ್ಕ

48 ವೋಲ್ಟ್ × 30 ಆಂಪಿಯರ್-ಅವರ್ = 1,440 ವ್ಯಾಟ್-ಅವರ್, ಅಂದರೆ 1.44 ಯೂನಿಟ್. ಚಾರ್ಜಿಂಗ್ ನಷ್ಟ ಸೇರಿಸಿದರೆ ಸುಮಾರು 1.7 ಯೂನಿಟ್. 6 ಆಂಪಿಯರ್ ಚಾರ್ಜರಿಗೆ 5 ಗಂಟೆ; ಕೊನೆಯ ಹಂತದಲ್ಲಿ ಕರೆಂಟು ತಗ್ಗುವುದರಿಂದ ಇನ್ನಷ್ಟು ಹೊತ್ತು ಬೇಕು. ಕಿಲೋಮೀಟರಿಗೆ 30 ವ್ಯಾಟ್-ಅವರ್ ಖರ್ಚೆಂದು ಹಿಡಿದು ಶೇ. 20ನ್ನು ಮೀಸಲಿಟ್ಟರೆ 38 ಕಿ.ಮೀ. ದೊರೆಯುತ್ತದೆ. ಊರೊಳಗಿನ ವಿತರಣೆಗೆ ಇದು ಸಾಕು. ಆದರೆ ಸುಮಾರು 40 ಕಿ.ಮೀ. ದೂರದ ಗಂಗಾವತಿಗೆ ಕೊಪ್ಪಳದಿಂದ ಹೊರಟವರು ಮೀಸಲನ್ನು ಮುಟ್ಟದೆ ತಲುಪಲಾರರು. ಮರಳುವ ಮಾತು ದೂರವೇ ಉಳಿಯಿತು. ಕುಷ್ಟಗಿ ಇನ್ನೂ ದೂರ.

5. ಕೊಳ್ಳುವ ಮುನ್ನ

ಇಂತಹ ಮಾರ್ಪಾಡು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಒಳಪಡುತ್ತದೆ. ಅನುಮೋದಿತ ಕಿಟ್ ಅಳವಡಿಸಿ, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರ ತಿದ್ದಿಸಿ, ವಿಮಾ ಕಂಪನಿಗೂ ತಿಳಿಸತಕ್ಕದ್ದು. ಇಲ್ಲವಾದರೆ ಅಪಘಾತದ ದಿನ ವಿಮೆ ಕೈಕೊಡಬಹುದು.

ಮಾರುವವರಿಂದ ನಾಲ್ಕು ಸಂಗತಿಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ: ಕೋಶದ ಬಗೆ, ಸರಣಿಯಲ್ಲಿರುವ ಕೋಶಗಳ ಸಂಖ್ಯೆ, ಚಾರ್ಜರಿನ ಗರಿಷ್ಠ ವೋಲ್ಟೇಜು, ಕಿಟ್‌ನ ಅನುಮೋದನಾ ಸಂಖ್ಯೆ. ಇವನ್ನು ಬರೆದುಕೊಡಲು ಹಿಂಜರಿಯುವವರ ಬಳಿ ಬೆಲೆ ಎಷ್ಟೇ ಅಗ್ಗವಾಗಿದ್ದರೂ ವ್ಯವಹಾರ ಬೇಡ.